ಎರೆಹುಳುವಿನ ತೊಟ್ಟಿ ಕೆಟ್ಟಾಗ: ದೋಷವನ್ನು ಪತ್ತೆ ಹಚ್ಚುವ ಕ್ರಮ

ಎರೆಹುಳುವಿಗೆ ಶ್ವಾಸಕೋಶವಿಲ್ಲ. ಅದು ಚರ್ಮದ ಮೂಲಕವೇ ಉಸಿರಾಡುತ್ತದೆ, ಮತ್ತು ಆ ಚರ್ಮ ತೇವವಾಗಿದ್ದಾಗ ಮಾತ್ರ ಗಾಳಿಯಲ್ಲಿರುವ ಆಮ್ಲಜನಕ ಕರಗಿ ಒಳಗೆ ಸೇರುತ್ತದೆ. ಅಡುಗೆಮನೆಯ ಹಸಿ ಕಸವನ್ನು ಹುಳುಗಳಿಂದ ಗೊಬ್ಬರ ಮಾಡಿಸಲು ಬಾಲ್ಕನಿಯಲ್ಲಿ ಇಟ್ಟುಕೊಂಡ ಎರೆಗೊಬ್ಬರದ ತೊಟ್ಟಿಯಲ್ಲಿ ಹುಟ್ಟುವ ತೊಂದರೆಗಳ ಪೈಕಿ ಬಹುಪಾಲು ಈ ಒಂದು ಸಂಗತಿಯಿಂದಲೇ ಹೊರಡುತ್ತವೆ: ನೀರು ತೀರಾ ಕಡಿಮೆಯಾದರೆ ಚರ್ಮ ಒಣಗಿ ಉಸಿರು ನಿಲ್ಲುತ್ತದೆ, ನೀರು ಹೆಚ್ಚಾಗಿ ಹಾಸಿನ (ಹುಳುಗಳು ಬಾಳುವ ರಟ್ಟು, ನಾರಿನ ಪುಡಿ, ಎಲೆಗಳ ಒದ್ದೆ ಪದರದ) ಸಂದುಗಳನ್ನೆಲ್ಲ ತುಂಬಿಕೊಂಡರೆ ಗಾಳಿಗೆ ಜಾಗವಿಲ್ಲದೆ ಉಸಿರು ಕಟ್ಟುತ್ತದೆ. ತೊಟ್ಟಿ ಕೆಟ್ಟಿದೆ ಎಂದು ಗೊತ್ತಾದ ಕೂಡಲೇ ಒಂದು ಚೊಂಬು ನೀರು ಸುರಿಯುವುದು ಅಥವಾ ಹುಳುಗಳು ಹಸಿದಿವೆಯೆಂದು ಭಾವಿಸಿ ಇನ್ನಷ್ಟು ಸಿಪ್ಪೆ ಹಾಕುವುದು ನಮ್ಮಲ್ಲಿ ಸಾಮಾನ್ಯ. ಕಾರಣ ತಿಳಿಯದೆ ಮಾಡಿದ ಈ ಉಪಚಾರವೇ ಎಷ್ಟೋ ತೊಟ್ಟಿಗಳನ್ನು ಕೊನೆಗಾಣಿಸಿದೆ. ಅವುಗಳಲ್ಲಿ ನನ್ನದೂ ಒಂದು.

ನನ್ನ ತೊಟ್ಟಿ ಇರುವುದು ಮುಂಬಯಿಯ ಹೊರವಲಯದ ಡೊಂಬಿವಲಿಯಲ್ಲಿ, ಮೂರನೆಯ ಮಹಡಿಯ ಪಶ್ಚಿಮದ ಬಾಲ್ಕನಿಯಲ್ಲಿ, ಬಸಳೆ ಚಪ್ಪರದ ಬುಡದಲ್ಲಿ. ಅಕ್ಕನ ಮನೆ ಪುಣೆಯ ಕೋಥ್ರೂಡಿನಲ್ಲಿದೆ, ಶಿರಸಿ ಕಡೆಯ ಗೆಳೆಯರೊಬ್ಬರು ಗೋವೆಯ ಫೋಂಡಾದಲ್ಲಿ ಮನೆ ಮಾಡಿಕೊಂಡಿದ್ದಾರೆ, ಮತ್ತು ಮೂವರ ಹುಳುಗಳೂ ಮೂಲತಃ ಒಂದೇ ಚೀಲದಿಂದ ಹಂಚಿಹೋದವು. ಹೀಗಿದ್ದರೂ ಮೂರು ಕಡೆಯ ದೂರುಗಳು ಬೇರೆಬೇರೆ. ಮುಂಬಯಿಯಲ್ಲಿ ವರ್ಷಕ್ಕೆ 2000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ ಮತ್ತು ಅದರಲ್ಲಿ ಹೆಚ್ಚಿನ ಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ ಸುರಿದು ಮುಗಿಯುತ್ತದೆ. ಗೋವೆಯಲ್ಲಿ ಅದಕ್ಕಿಂತಲೂ ಹೆಚ್ಚು. ಸಹ್ಯಾದ್ರಿಯ ಮರೆಯಲ್ಲಿರುವ ಪುಣೆಯಲ್ಲಿ 700 ಮಿಲಿಮೀಟರಿನ ಆಸುಪಾಸು, ಆದರೆ ಏಪ್ರಿಲಿನಲ್ಲಿ ಬಿಸಿಲು 40 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಆದ್ದರಿಂದ ಒಂದೂರಿನಲ್ಲಿ ಫಲಿಸಿದ ಪರಿಹಾರವನ್ನು ಇನ್ನೊಂದೂರಿಗೆ ಹಾಗೆಯೇ ಒಯ್ಯಬಾರದೆಂಬುದನ್ನು ನಾವು ಮೂವರೂ ಹುಳುಗಳನ್ನು ಕಳೆದುಕೊಂಡೇ ಕಲಿತಿದ್ದೇವೆ.

ಏನನ್ನೂ ಹಾಕುವ ಮೊದಲು

ಮೊದಲ ಐದು ನಿಮಿಷ ನೀರು, ಕಸ, ಸುಣ್ಣ ಯಾವುದನ್ನೂ ಕೈಗೆತ್ತಿಕೊಳ್ಳದೆ ತೊಟ್ಟಿಯನ್ನು ನೋಡಬೇಕು. ಈ ನೋಟಕ್ಕೆ ಬೆಳಗಿನ ಆರು ಗಂಟೆ ಒಳ್ಳೆಯ ಹೊತ್ತು, ಏಕೆಂದರೆ ಆಗ ಹೊರಗಿನ ಬಿಸಿಲಿನ ಪ್ರಭಾವ ಕಳೆದಿರುತ್ತದೆ.

ಮುಚ್ಚಳ ತೆಗೆದ ಕ್ಷಣದಲ್ಲಿ ಬರುವ ವಾಸನೆಯನ್ನು ಗಮನಿಸಬೇಕು. ಎರಡು ನಿಮಿಷವಾದರೆ ಮೂಗು ಅದಕ್ಕೆ ಒಗ್ಗಿಬಿಡುತ್ತದೆ. ಆಮೇಲೆ ಮೇಲಿನ ಪದರದಿಂದ ಒಂದು ಹಿಡಿ, ತಳದಿಂದ ಒಂದು ಹಿಡಿ ಹಾಸನ್ನು ತೆಗೆದು ಬೇರೆಬೇರೆಯಾಗಿ ಹಿಂಡಬೇಕು. ಬೆರಳ ಸಂದಿನಿಂದ ಒಂದೆರಡು ಹನಿ ಜಿನುಗಿದರೆ ಸರಿ, ಧಾರೆ ಇಳಿದರೆ ನೀರು ಹೆಚ್ಚಾಗಿದೆ, ಹನಿಯೇ ಬರದೆ ಮುಷ್ಟಿ ತೆರೆದೊಡನೆ ಉಂಡೆ ಉದುರಿಹೋದರೆ ಒಣಗಿದೆ. ಎರಡು ಹಿಡಿಗಳನ್ನು ಹಿಂಡಲೇಬೇಕೆಂದು ಒತ್ತಿ ಹೇಳುವುದಕ್ಕೆ ಕಾರಣವಿದೆ. ಅಕ್ಕ ಒಂದು ಬೇಸಗೆಯಿಡೀ ಮೇಲಿನ ಹಾಸನ್ನು ಮಾತ್ರ ಮುಟ್ಟಿ ನೋಡಿ ದಿನವೂ ನೀರು ಚಿಮುಕಿಸುತ್ತಿದ್ದಳು. “ನೀರು ಹಾಕಿದಷ್ಟೂ ಮೇಲೆ ಒಣಗ್ತದೆ ಮಾರಾಯ, ಕೆಳಗೆ ಮಾತ್ರ ಗಂಜಿ ಆಗಿದೆ” ಎಂದು ಅವಳು ಫೋನಿನಲ್ಲಿ ಹೇಳಿದಾಗಲೇ ದೋಷದ ಅರ್ಧ ಭಾಗ ಹೊರಬಿದ್ದಿತ್ತು. ಪುಣೆಯ ಒಣಗಾಳಿ ಮೇಲಿನ ಎರಡು ಅಂಗುಲವನ್ನು ಗಂಟೆಗಳೊಳಗೆ ಒಣಗಿಸುತ್ತದೆ, ಸುರಿದ ನೀರು ಅಲ್ಲಿ ನಿಲ್ಲದೆ ತಳಕ್ಕೆ ಇಳಿಯುತ್ತದೆ, ತಳದಲ್ಲಿ ಹೋಗಲು ದಾರಿಯಿಲ್ಲದೆ ನಿಲ್ಲುತ್ತದೆ. ಅಲ್ಲಿ ಬೇಕಾಗಿದ್ದುದು ನೀರಲ್ಲ, ಹೊದಿಕೆ. ಒದ್ದೆ ಮಾಡಿ ಹಿಂಡಿದ ಗೋಣಿಚೀಲವನ್ನು ಹಾಸಿನ ಮೇಲೆ ಹೊದಿಸಿದ ಮೇಲೆ ವಾರಕ್ಕೆ ಎರಡು ಸಲ ಗೋಣಿಯನ್ನು ಒದ್ದೆ ಮಾಡಿದರೆ ಸಾಕಾಯಿತು.

ಮೂರನೆಯದಾಗಿ ಹುಳುಗಳು ಎಲ್ಲಿ ಸೇರಿವೆ ಎಂಬುದನ್ನು ನೋಡಬೇಕು, ಏಕೆಂದರೆ ದೋಷವನ್ನು ಅವುಗಳಷ್ಟು ಸ್ಪಷ್ಟವಾಗಿ ಬೇರೆ ಯಾವ ಗುರುತೂ ತೋರಿಸುವುದಿಲ್ಲ. ಎಲ್ಲವೂ ಗೋಡೆಯಂಚಿಗೆ ಸರಿದು ನಡುಭಾಗ ಖಾಲಿಯಾಗಿದ್ದರೆ ನಡುವಿನಲ್ಲಿ ಬಿಸಿ ಎದ್ದಿದೆ ಅಥವಾ ಅಲ್ಲಿ ಹಾಕಿದ ಆಹಾರ ಹುಳಿಯಾಗಿದೆ. ತಳದಲ್ಲೇ ಗುಂಪುಗಟ್ಟಿದ್ದರೆ ಮೇಲ್ಭಾಗ ಒಣಗಿದೆ. ಒಂದೇ ಮೂಲೆಯಲ್ಲಿ ಚೆಂಡಿನಂತೆ ಹೆಣೆದುಕೊಂಡಿದ್ದರೆ ಇಡೀ ತೊಟ್ಟಿಯಲ್ಲಿ ಬದುಕಲು ತಕ್ಕ ಜಾಗ ಅದೊಂದೇ ಉಳಿದಿದೆ ಎಂದು ತಿಳಿಯಬೇಕು, ಮತ್ತು ಅಂಥ ಹೊತ್ತಿನಲ್ಲಿ ತಡಮಾಡಬಾರದು. ಮುಚ್ಚಳಕ್ಕೆ ಹತ್ತಿದ್ದರೆ ಕಾರಣ ಹಲವು. ಅದನ್ನು ಪ್ರತ್ಯೇಕವಾಗಿ ಮುಂದೆ ನೋಡೋಣ.

ಕೊನೆಯದಾಗಿ, ಹಿಂದಿನ ಹದಿನೈದು ದಿನಗಳಲ್ಲಿ ತೊಟ್ಟಿಗೆ ಏನೇನು ಬಿತ್ತು, ಮನೆಯಲ್ಲಿ ಏನೇನು ನಡೆಯಿತು ಎಂಬುದನ್ನು ನೆನಪು ಮಾಡಿಕೊಳ್ಳಬೇಕು. ಅಡುಗೆಮನೆಯ ಗೋಡೆಗೆ ತೂಗುಹಾಕಿದ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ ನಾನು ಇದನ್ನು ಗುರುತು ಹಾಕುತ್ತೇನೆ. ಪರಿಹಾರ ಮಾಡುವಾಗಲೂ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ ನಾಲ್ಕು ದಿನ ಕಾಯಬೇಕು. ನೀರು, ಸುಣ್ಣ, ರಟ್ಟು ಮೂರನ್ನೂ ಒಟ್ಟಿಗೆ ಹಾಕಿದರೆ ತೊಟ್ಟಿ ಸರಿಹೋದರೂ ಯಾವುದರಿಂದ ಸರಿಹೋಯಿತೆಂದು ತಿಳಿಯುವುದಿಲ್ಲ.

ಹುಳುಗಳು ಮುಚ್ಚಳಕ್ಕೆ ಹತ್ತಿದಾಗ

ಹೊಸದಾಗಿ ತಂದ ಹುಳುಗಳು ಮೊದಲ ಎರಡು ಮೂರು ರಾತ್ರಿ ಓಡಿಹೋಗಲು ನೋಡುವುದು ದೋಷವಲ್ಲ, ಜಾಗ ಹೊಸದೆಂಬ ಗಾಬರಿ. ಎರೆಹುಳು ಬೆಳಕಿಗೆ ಅಂಜುತ್ತದೆ. ಆದ್ದರಿಂದ ಆ ರಾತ್ರಿಗಳಲ್ಲಿ ಮುಚ್ಚಳ ತೆಗೆದಿಟ್ಟು ಬಾಲ್ಕನಿಯ ದೀಪವನ್ನು ಉರಿಸಿಟ್ಟರೆ ಅವು ಹಾಸಿನೊಳಗೆ ಇಳಿದು ಅಲ್ಲೇ ಒಗ್ಗಿಕೊಳ್ಳುತ್ತವೆ. ವಾರ ಕಳೆದ ಮೇಲೂ ಹತ್ತುತ್ತಿದ್ದರೆ, ಅಥವಾ ತಿಂಗಳುಗಟ್ಟಲೆ ನೆಮ್ಮದಿಯಾಗಿದ್ದ ಹುಳುಗಳು ಒಮ್ಮೆಲೇ ಹತ್ತತೊಡಗಿದರೆ, ಆಗ ಕಾರಣವನ್ನು ಹುಡುಕಬೇಕು.

ಮಳೆಗಾಲದಲ್ಲಿ ನಮ್ಮ ಕರಾವಳಿಯಲ್ಲಿ ಮೊದಲು ಪರೀಕ್ಷಿಸಬೇಕಾದುದು ನೀರು ಹೊರಹೋಗುವ ದಾರಿ. ತೊಟ್ಟಿಯನ್ನು ನಿಧಾನವಾಗಿ ಅದರ ತಳದ ನಲ್ಲಿಯ ಕಡೆಗೆ ವಾಲಿಸಬೇಕು. ಹಾಗೆ ವಾಲಿಸಿದಾಗ ಲೋಟಗಟ್ಟಲೆ ಕಪ್ಪು ನೀರು ಹೊರಬಂದರೆ, ನೀರು ಹೆಚ್ಚಾಗಿ ಬಿದ್ದದ್ದಕ್ಕಿಂತ ಅದು ಹೊರಹೋಗದಿದ್ದುದೇ ದೋಷ. ಹುಳುವಿನ ಹಿಕ್ಕೆ ಜೇಡಿಯಂತೆ ನುಣ್ಣಗಿರುವುದರಿಂದ ನಲ್ಲಿಯ ಬಾಯಿಯನ್ನು ತಿಂಗಳುಗಳಲ್ಲಿ ಮುಚ್ಚಿಬಿಡುತ್ತದೆ. ನಲ್ಲಿ ತೆಗೆದು ಊದುಕಡ್ಡಿಯಿಂದ ಕೆದಕಿ, ಒಳಗಡೆ ಅದರ ಮುಂದೆ ಒಂದು ಹಿಡಿ ಜಲ್ಲಿಕಲ್ಲು ಮತ್ತು ಅದರ ಮೇಲೆ ಸೊಳ್ಳೆ ಬಲೆಯ ತುಂಡು ಇಟ್ಟರೆ ಮತ್ತೆ ಕಟ್ಟಿಕೊಳ್ಳುವುದು ತಡವಾಗುತ್ತದೆ. ತೊಟ್ಟಿಯ ಹಿಂಗಾಲಿನ ಕೆಳಗೆ ಒಂದು ಹೆಂಚಿನ ತುಂಡು ಕೊಟ್ಟು ಸದಾ ನಲ್ಲಿಯ ಕಡೆಗೆ ತುಸು ಇಳಿಜಾರಾಗಿ ನಿಲ್ಲಿಸುವುದು ಒಳ್ಳೆಯದು. ಸಮತಟ್ಟಾದ ತಳದಲ್ಲಿ ನಲ್ಲಿ ತೆರೆದಿದ್ದರೂ ನೀರು ಉಳಿಯುತ್ತದೆ.

ನೀರು ನಿಂತಿಲ್ಲ, ಹಿಂಡಿದರೆ ಹನಿಯೂ ಹದವಾಗಿದೆ, ವಾಸನೆಯೂ ಮಣ್ಣಿನದೇ, ಆದರೂ ಮಳೆ ಬರುವ ಹಿಂದಿನ ಸಂಜೆ ಹುಳುಗಳು ಸಾಲುಗಟ್ಟಿ ಹೊರಟುಬಿಡುತ್ತವೆ ಎಂಬ ದೂರು ನನಗೆ ಬಹಳ ಕಾಲ ಬಿಡಿಸದ ಒಗಟಾಗಿತ್ತು. ಉತ್ತರವಿದ್ದುದು ತೊಟ್ಟಿಯಲ್ಲಲ್ಲ, ಹುಳುವಿನ ಜಾತಿಯಲ್ಲಿ. ನಮ್ಮ ನರ್ಸರಿಗಳಲ್ಲಿ ಮೂರು ಬಗೆಯ ಹುಳುಗಳು ಹೆಚ್ಚಾಗಿ ಸಿಗುತ್ತವೆ. ಐಸೀನಿಯಾ ಫೆಟಿಡಾ ಕೆಂಗಂದು ಬಣ್ಣದ್ದು, ಮೈಮೇಲೆ ಮಸುಕಾದ ಹಳದಿ ಪಟ್ಟೆಗಳಿರುತ್ತವೆ, ಕೆಣಕಿದರೆ ದುರ್ವಾಸನೆಯ ಹಳದಿ ದ್ರವ ಬಿಡುತ್ತದೆ. ಯೂಡ್ರಿಲಸ್ ಯೂಜೀನಿಯೆ ಆಫ್ರಿಕಾ ಮೂಲದ್ದು, ದಪ್ಪ, ಗೇಣುದ್ದ, ನೇರಳೆ ಮಿಶ್ರಿತ ಬೂದು ಬಣ್ಣ. ಪೆರಿಯೋನಿಕ್ಸ್ ಎಕ್ಸ್‌ಕವೇಟಸ್ ನಮ್ಮ ಏಷ್ಯಾದ್ದೇ, ತೆಳ್ಳಗೆ, ಚುರುಕು, ಬೆಳಕಿಗೆ ಹಿಡಿದರೆ ಬೆನ್ನಿನ ಮೇಲೆ ನೀಲಿ ಮಿರುಗು. ಈ ಮೂರನೆಯದು ಗಾಳಿಮಳೆ ಬರುವ ಹೊತ್ತಿಗೆ ತೊಟ್ಟಿ ಎಷ್ಟೇ ಚೆನ್ನಾಗಿದ್ದರೂ ಹೊರಡುತ್ತದೆ; ಅದಕ್ಕೆ ಅದು ಹೆಸರುವಾಸಿ. ಬೆನ್ನಿನ ಮಿರುಗನ್ನು ನೋಡಿ ಜಾತಿ ಖಚಿತಪಡಿಸಿಕೊಂಡರೆ ಹಾಸನ್ನು ಬದಲಿಸುವ ಗೊಡವೆಗೆ ಹೋಗದೆ, ಮೋಡ ಕವಿದ ಸಂಜೆಗಳಲ್ಲಿ ತೊಟ್ಟಿಯ ಬಳಿ ದೀಪ ಉರಿಸಿ, ಗಾಳಿಯ ತೂತುಗಳಿಗೆ ಬಲೆ ಕಟ್ಟಿದರೆ ಸಾಕು.

ನೀರೂ ಸರಿಯಿದ್ದು ಜಾತಿಯೂ ಅದಲ್ಲವಾದರೆ ಹುಳಿಯಂಶವನ್ನು ಶಂಕಿಸಬೇಕು. ಹಾಸಿನ ಪಿಎಚ್ 6ರಿಂದ 8ರ ನಡುವೆ ಇದ್ದರೆ ಹುಳುಗಳು ಹಾಯಾಗಿರುತ್ತವೆ, 5ಕ್ಕಿಂತ ಕೆಳಗಿಳಿದರೆ ಓಡುತ್ತವೆ. ಅಂಗಡಿಯಲ್ಲಿ ಸಿಗುವ ಪಿಎಚ್ ಕಾಗದ ಇಲ್ಲದಿದ್ದರೂ ಒಂದು ಸಾಕ್ಷಿ ತೊಟ್ಟಿಯಲ್ಲೇ ಇರುತ್ತದೆ: ಅರ್ಧ ಅಂಗುಲ ಉದ್ದದ, ದಾರದಂಥ, ಅಚ್ಚ ಬಿಳಿಯ ಸಣ್ಣ ಹುಳುಗಳು ಸಾವಿರಗಟ್ಟಲೆ ಹೆಚ್ಚಿದ್ದರೆ ಹಾಸು ಹುಳಿಯಾಗಿದೆ ಎಂದು ಬಹುಮಟ್ಟಿಗೆ ನಂಬಬಹುದು. ಅವು ಎರೆಹುಳುಗಳಿಗೆ ಕೇಡು ಮಾಡುವುದಿಲ್ಲ; ಹುಳಿಯಾದ ಜಾಗ ಅವಕ್ಕೆ ಇಷ್ಟ, ಅಷ್ಟೆ. ಇದಕ್ಕೆ ಒಣಗಿಸಿ ನುಣ್ಣಗೆ ಪುಡಿ ಮಾಡಿದ ಮೊಟ್ಟೆಯ ಚಿಪ್ಪು ಎರಡು ಚಮಚದಷ್ಟನ್ನು ಮೇಲೆ ಉದುರಿಸಬೇಕು. ಮೊಟ್ಟೆ ತರದ ಮನೆಯವರು ತೋಟಕ್ಕೆಂದು ಮಾರುವ ಸುಣ್ಣಕಲ್ಲಿನ ಪುಡಿಯನ್ನು ಬಳಸಬಹುದು. ವೀಳ್ಯಕ್ಕೆ ಹಚ್ಚುವ ಸುಣ್ಣವನ್ನಾಗಲಿ, ಗೋಡೆಗೆ ಬಳಿಯುವ ಸುಣ್ಣವನ್ನಾಗಲಿ ಎಂದಿಗೂ ಹಾಕಬಾರದು. ಅದು ಸುಣ್ಣಕಲ್ಲನ್ನು ಸುಟ್ಟು ನೀರಿನಲ್ಲಿ ಅರಳಿಸಿದ್ದು. ಹುಳುವಿನ ಒದ್ದೆ ಚರ್ಮಕ್ಕೆ ತಗುಲಿದರೆ ಸುಡುತ್ತದೆ.

ವಾಸನೆಯಿಂದ ತಿಳಿಯುವುದು

ಆರೋಗ್ಯವಾಗಿರುವ ತೊಟ್ಟಿಗೆ ಮೊದಲ ಮಳೆ ಬಿದ್ದ ನೆಲದ ವಾಸನೆ ಇರುತ್ತದೆ. ಕೊಳೆತ ಮೊಟ್ಟೆಯಂಥ ನಾತ ಬಂದರೆ ಗಾಳಿಯಾಡದ ಜಾಗವಿದೆ, ಅದು ಬಹುತೇಕ ತಳದಲ್ಲಿರುತ್ತದೆ. ಕೈಗವಸು ಹಾಕಿ ಅಡಿಯಿಂದ ಮೇಲಕ್ಕೆ ಹಗುರವಾಗಿ ಎತ್ತಿ, ಹರಿದ ರಟ್ಟಿನ ಚೂರು ಮತ್ತು ಒಣಗಿದ ಎಲೆಗಳನ್ನು ಸೇರಿಸಬೇಕು. ಮೂಗಿಗೆ ಚುಚ್ಚುವ, ಕಣ್ಣಿಗೆ ನೀರು ತರುವ ವಾಸನೆ ಅಮೋನಿಯಾದ್ದು. ಹಸಿ ಸಗಣಿಯನ್ನೋ ಕತ್ತರಿಸಿದ ಹುಲ್ಲನ್ನೋ ಬೇಳೆಕಾಳನ್ನೋ ಅತಿಯಾಗಿ ಹಾಕಿದಾಗ ಅದು ಏಳುತ್ತದೆ. ಅಮೋನಿಯಾ ಹುಳುಗಳಿಗೆ ವಿಷವೇ ಆದುದರಿಂದ, ಹಾಕಿದ ವಸ್ತುವನ್ನು ತೆಗೆದುಬಿಡುವುದೇ ಲೇಸು, ಮುಚ್ಚಳವನ್ನೂ ಒಂದು ದಿನ ತೆರೆದಿಡಬೇಕು. ಸಗಣಿಯನ್ನು ಬಳಸುವವರು ಹತ್ತು ಹದಿನೈದು ದಿನ ನೆರಳಿನಲ್ಲಿ ಹಳತಾಗಿಸಿ ಬಳಸಬೇಕು, ಮತ್ತು ಆ ದನಕ್ಕೆ ಇತ್ತೀಚೆಗೆ ಜಂತುಹುಳುವಿನ ಔಷಧ ಕೊಟ್ಟಿದ್ದರೇ ಎಂದು ಕೇಳಿಕೊಳ್ಳಬೇಕು, ಏಕೆಂದರೆ ಕೆಲವು ಔಷಧಗಳ ಶೇಷ ಸಗಣಿಯಲ್ಲಿ ಉಳಿದಿರುತ್ತದೆ.

ಹುಳಿ ವಾಸನೆಯದು ನಮ್ಮಂಥವರ ಅಡುಗೆಮನೆಗಳ ವಿಶೇಷ ದೋಷ. ಒಂದು ಆಗಸ್ಟಿನಲ್ಲಿ, ನಾಲ್ಕು ದಿನ ಊರಿಗೆ ಹೋಗಿ ಬಂದಾಗ ಫ್ರಿಜ್ಜಿನಲ್ಲಿದ್ದ ದೋಸೆ ಹಿಟ್ಟು ವಿಪರೀತ ಹುಳಿಬಂದಿತ್ತು. ಚರಂಡಿಗೆ ಸುರಿಯುವ ಬದಲು ಹುಳುಗಳಿಗಾದರೂ ಆಗಲಿ ಎಂದು ಸುಮಾರು ಒಂದು ಲೀಟರ್ ಹಿಟ್ಟನ್ನು ತೊಟ್ಟಿಯ ನಡುವೆ ಹೊಯ್ದೆ. ಅಕ್ಕಿ ಮತ್ತು ಉದ್ದಿನ ಆ ಹಿಟ್ಟಿನಲ್ಲಿ ಪಿಷ್ಟ, ಪ್ರೋಟೀನು, ಆಮ್ಲ, ನೀರು ನಾಲ್ಕೂ ಇದ್ದವು. ಹಿಟ್ಟು ಹಾಸಿನ ಮೇಲೆ ಅಂಟಿನ ಹಾಳೆಯಂತೆ ಹರಡಿ ಗಾಳಿಯನ್ನು ತಡೆಯಿತು, ಅಡಿಯಲ್ಲಿ ಹುದುಗುವಿಕೆ ಮುಂದುವರಿಯಿತು, ಮೂರನೆಯ ದಿನ ಬೆಳಗ್ಗೆ ಬದುಕಿದ್ದ ಹುಳುಗಳೆಲ್ಲ ಮುಚ್ಚಳದಲ್ಲಿದ್ದವು. ಅವತ್ತು ನಾನು ಅವುಗಳಿಗೆ ಬಾಯಾರಿಕೆಯಾಗಿದೆ ಎಂದುಕೊಂಡು ನೀರು ಚಿಮುಕಿಸಿದೆ. ಅನ್ನ, ಹಿಟ್ಟು, ಉಳಿದ ಸಾರು, ಎಣ್ಣೆ, ಉಪ್ಪಿನಕಾಯಿ ಇವು ಯಾವುವೂ ಎರೆಹುಳುವಿನ ತೊಟ್ಟಿಗೆ ಸಲ್ಲುವುದಿಲ್ಲ. ಉಪ್ಪಂತೂ ಹುಳುವಿನ ಮೈಯಿಂದ ನೀರನ್ನು ಹೊರಗೆಳೆಯುತ್ತದೆ. ಇದೇ ಕಾರಣಕ್ಕೆ ಹಾಸಿಗೆಂದು ತರುವ ತೆಂಗಿನ ನಾರಿನ ಪುಡಿಯನ್ನೂ ಎರಡು ಮೂರು ನೀರಿನಲ್ಲಿ ತೊಳೆದು ಹಿಂಡಿ ಬಳಸಬೇಕು. ಇಟ್ಟಿಗೆಯಾಕಾರದಲ್ಲಿ ಒತ್ತಿ ಮಾರುವ ಕೆಲವು ನಾರಿನ ಪುಡಿಯಲ್ಲಿ ಉಪ್ಪಿನಂಶ ಹೆಚ್ಚಾಗಿರುತ್ತದೆ.

ಬಿಸಿ ಎಲ್ಲಿಂದ ಬಂತು

ಕೆಂಪು ಐಸೀನಿಯಾಗಳಿಗೆ ಹಾಸಿನೊಳಗಿನ ಉಷ್ಣತೆ 15ರಿಂದ 25 ಡಿಗ್ರಿಯಷ್ಟಿದ್ದರೆ ಅತ್ಯಂತ ಹಿತ, 35 ಡಿಗ್ರಿ ದಾಟಿದರೆ ಸಾವು ಸಮೀಪ. ಆಫ್ರಿಕಾ ಮೂಲದ ಹುಳುಗಳಿಗೆ ತುಸು ಹೆಚ್ಚಿನ ಸೆಕೆ ಒಗ್ಗುತ್ತದೆ, ಆದರೆ ಪುಣೆಯ ಡಿಸೆಂಬರಿನ ಚಳಿಯಲ್ಲಿ ಅವು ಮಂಕಾಗುತ್ತವೆ. ಅಕ್ಕನ ತೊಟ್ಟಿಯಲ್ಲಿ ಎರಡು ಜಾತಿಯೂ ಬೆರೆತಿರುವುದರಿಂದ ಒಂದಿಲ್ಲೊಂದು ಋತುವಿನಲ್ಲಿ ಒಂದಿಲ್ಲೊಂದು ಜಾತಿ ದುಡಿಯುತ್ತಲೇ ಇರುತ್ತದೆ.

ತೊಟ್ಟಿ ಬಿಸಿಯಾಗಿದ್ದರೆ ಆ ಬಿಸಿ ಹೊರಗಿನದೋ ಒಳಗಿನದೋ ಎಂಬುದನ್ನು ಮೊದಲು ಬಿಡಿಸಿಕೊಳ್ಳಬೇಕು, ಏಕೆಂದರೆ ಎರಡಕ್ಕೂ ಮದ್ದು ಬೇರೆ. ಬೆಳಗಿನ ಆರು ಗಂಟೆಗೆ ಹಾಸಿನ ನಡುವೆ ಬೆರಳು ಇಳಿಸಿ ನೋಡಿ. ರಾತ್ರಿಯಿಡೀ ಆರಿದ ಮೇಲೂ ನಡುಭಾಗ ಬೆಚ್ಚಗಿದ್ದು ಅಂಚುಗಳು ತಣ್ಣಗಿದ್ದರೆ ಅದು ಕಸ ಕೊಳೆಯುವಾಗ ಹುಟ್ಟಿದ ಬಿಸಿ. ಆಹಾರವನ್ನು ಒಂದೇ ಜಾಗಕ್ಕೆ ರಾಶಿ ಹಾಕಿದ್ದೀರಿ. ಅದನ್ನು ತೆಳ್ಳಗೆ ಹರಡಿ, ಒಂದು ವಾರ ಏನನ್ನೂ ಹಾಕದಿದ್ದರೆ ಇಳಿಯುತ್ತದೆ. ಬೆಳಗ್ಗೆ ತಣ್ಣಗಿದ್ದು ಮಧ್ಯಾಹ್ನ ಮೂರರ ಹೊತ್ತಿಗೆ ಒಂದು ಬದಿಯ ಗೋಡೆಯ ಪಕ್ಕ ಮಾತ್ರ ಬಿಸಿಯಾದರೆ ಅದು ಬಿಸಿಲಿನದು. ಪಶ್ಚಿಮದ ಬಾಲ್ಕನಿಯಲ್ಲಿ ನೇರ ಬಿಸಿಲು ಬೀಳದಿದ್ದರೂ ಕಾದ ಸಿಮೆಂಟ್ ಗೋಡೆ ಸಂಜೆಯವರೆಗೆ ಶಾಖವನ್ನು ಹೊರಬಿಡುತ್ತಿರುತ್ತದೆ. ತೊಟ್ಟಿಯನ್ನು ಗೋಡೆಯಿಂದ ಒಂದು ಗೇಣು ದೂರ ಸರಿಸಿ, ನೆಲದಿಂದ ಎರಡು ಇಟ್ಟಿಗೆ ಎತ್ತರಿಸಿ, ಸುತ್ತ ಒದ್ದೆ ಗೋಣಿ ಸುತ್ತಿದರೆ ನೀರು ಆರುವಾಗ ಶಾಖವನ್ನು ಒಯ್ಯುತ್ತದೆ. ಈ ಉಪಾಯ ಪುಣೆಯ ಒಣಗಾಳಿಯಲ್ಲಿ ಚೆನ್ನಾಗಿ ನಡೆಯುತ್ತದೆ. ಮುಂಬಯಿಯ ಮೇ ತಿಂಗಳ ಬೆವರಿನ ಗಾಳಿಯಲ್ಲಿ ಗೋಣಿಯ ನೀರು ಬೇಗ ಆರುವುದೇ ಇಲ್ಲ, ಆದ್ದರಿಂದ ಇಲ್ಲಿ ನೀರು ತುಂಬಿ ಹೆಪ್ಪುಗಟ್ಟಿಸಿದ ಬಾಟಲಿಯನ್ನು ಮಧ್ಯಾಹ್ನ ಹಾಸಿನ ಮೇಲೆ ಮಲಗಿಸುವುದು ಹೆಚ್ಚು ಫಲಕಾರಿ.

ಮೈ ಮಣಿಸರದಂತೆ ಊದಿಕೊಂಡರೆ

ಫೋಂಡಾದ ಗೆಳೆಯರ ತೊಟ್ಟಿ ಪ್ಲಾಸ್ಟಿಕ್ಕಿನದಲ್ಲ, ಹಿತ್ತಿಲಲ್ಲಿ ಕೆಂಪು ಮುರಕಲ್ಲಿನಿಂದ ಕಟ್ಟಿದ, ಮೇಲೆ ತೆಂಗಿನ ಮಡಲು ಹೊದಿಸಿದ ಹೊಂಡ. ಏಪ್ರಿಲಿನಲ್ಲಿ ನೆರೆಯವರು ಗೇರುಹಣ್ಣು ಹಿಂಡಿ ರಸ ತೆಗೆದ ಮೇಲೆ ಉಳಿದ ಚರಟವನ್ನು ಬುಟ್ಟಿಗಟ್ಟಲೆ ಕೊಟ್ಟರು, ಇವರು ಪುಕ್ಕಟೆ ಸಿಕ್ಕಿತೆಂದು ಎಲ್ಲವನ್ನೂ ಹೊಂಡಕ್ಕೆ ತುಂಬಿದರು. ವಾರದೊಳಗೆ ಹುಳುಗಳ ಮೈಯಲ್ಲಿ ಅಲ್ಲಲ್ಲಿ ಗಂಟು, ಗಂಟುಗಳ ನಡುವೆ ಸೊರಗಿದ ಭಾಗ, ನೋಡಿದರೆ ದಾರಕ್ಕೆ ಪೋಣಿಸಿದ ಮಣಿಗಳಂತೆ ಕಾಣುತ್ತಿದ್ದವು. ಅತಿಯಾದ ಪ್ರೋಟೀನಿನಿಂದಲೋ ಹುದುಗುವ ಸಿಹಿಯಿಂದಲೋ ಹಾಸು ಹುಳಿಯಾಗಿ, ಹುಳುವಿನ ಹೊಟ್ಟೆಯೊಳಗೂ ಹುದುಗುವಿಕೆ ನಡೆದಾಗ ಹೀಗಾಗುತ್ತದೆ, ಮತ್ತು ಈ ಲಕ್ಷಣ ಕಂಡ ಹುಳುಗಳು ಸಾಮಾನ್ಯವಾಗಿ ಉಳಿಯುವುದಿಲ್ಲ. ಇನ್ನೂ ಲಕ್ಷಣ ಕಾಣದವುಗಳನ್ನು ಉಳಿಸುವುದೇ ಇಲ್ಲಿ ಮಾಡಬಹುದಾದ ಕೆಲಸ: ಅವುಗಳನ್ನು ಆರಿಸಿ, ಒದ್ದೆ ರಟ್ಟು ಮತ್ತು ತೊಳೆದ ನಾರಿನ ಪುಡಿ ಮಾತ್ರ ಇರುವ ಬೇರೊಂದು ಪಾತ್ರೆಗೆ ಅದೇ ಗಂಟೆಯಲ್ಲಿ ವರ್ಗಾಯಿಸಬೇಕು.

ಗೇರುಹಣ್ಣಿನಂತೆಯೇ ಪುನರ್ಪುಳಿಯ ಸಿಪ್ಪೆ, ನಿಂಬೆ ಮತ್ತು ಮೋಸಂಬಿ ಸಿಪ್ಪೆ, ಅನಾನಸು ಇವೆಲ್ಲ ಒಂದೊಂದು ಹಿಡಿಯಾದರೆ ಕರಗಿಹೋಗುತ್ತವೆ, ಬುಟ್ಟಿಯಾದರೆ ಕೊಲ್ಲುತ್ತವೆ. ಗೇರುಬೀಜದ ಹೊರಚಿಪ್ಪನ್ನಂತೂ ಒಂದನ್ನೂ ಹಾಕಬಾರದು, ಅದರ ಎಣ್ಣೆ ಮನುಷ್ಯರ ಕೈಯನ್ನೇ ಸುಡುತ್ತದೆ. ತೊಳೆ ತೆಗೆದ ಮೇಲೆ ಉಳಿಯುವ ಹಲಸಿನ ರೇಚೆಯನ್ನು ಮೇ ತಿಂಗಳಲ್ಲಿ ಹಾಕುವವರು ಮೊದಲು ಬೇರೊಂದು ಬಕೆಟಿನಲ್ಲಿ ಒಣ ಎಲೆಯೊಡನೆ ಹತ್ತು ದಿನ ಕೊಳೆಯಿಸಿ, ಅದರ ಮೊದಲ ಬಿಸಿ ಇಳಿದ ಮೇಲೆ ತೊಟ್ಟಿಗೆ ಕೊಡುವುದು ಒಳ್ಳೆಯದು.

ಕರೆಯದೆ ಬಂದ ಜೀವಿಗಳು

ಇರುವೆ ಬಂದರೆ ಹಾಸು ಒಣಗಿದೆ. ಹದವಾಗಿ ತೇವ ಮಾಡಿದರೆ ಅವು ಬಿಟ್ಟುಹೋಗುತ್ತವೆ. ಲಕ್ಷ್ಮಣರೇಖೆಯ ವಿಷದ ಸೀಮೆಸುಣ್ಣದಿಂದ ಗೆರೆ ಎಳೆಯುವುದು ಬೇಡ. ತೊಟ್ಟಿಯ ಕಾಲುಗಳನ್ನು ನೀರಿನ ಬಟ್ಟಲುಗಳಲ್ಲಿ ನಿಲ್ಲಿಸುವವರು ಆ ನೀರಿಗೆ ಸ್ವಲ್ಪ ಸಾಬೂನು ಕದಡಬೇಕು, ಇಲ್ಲವಾದರೆ ಡೆಂಗಿ ಹರಡುವ ಈಡಿಸ್ ಸೊಳ್ಳೆ ಅಲ್ಲೇ ಮೊಟ್ಟೆಯಿಡುತ್ತದೆ. ಹಣ್ಣುನೊಣಗಳು ಆಹಾರ ಮೇಲೆಯೇ ಬಿದ್ದಿದೆ ಎಂಬುದರ ಗುರುತು. ಎರಡು ಅಂಗುಲ ಹಾಸಿನಡಿ ಹೂತರೆ ಕಡಿಮೆಯಾಗುತ್ತವೆ. ಬೂದುಗಂದು ಬಣ್ಣದ, ಗಟ್ಟಿ ಚರ್ಮದ, ಅಂಗುಲ ಉದ್ದದ ದಪ್ಪ ಮರಿಹುಳುಗಳು ಮಳೆಗಾಲದಲ್ಲಿ ಸಿಪ್ಪೆಯನ್ನು ಸರಸರನೆ ಮುಗಿಸುತ್ತಿದ್ದರೆ ಅವು ಕಪ್ಪು ಸೈನಿಕ ನೊಣದ ಮರಿಗಳು. ನೋಡಲು ಹೇಸಿಗೆಯಾದರೂ ಅವು ಎರೆಹುಳುಗಳನ್ನು ತಿನ್ನುವುದಿಲ್ಲ. ಆದರೆ ಗುಂಪು ಹೆಚ್ಚಾದರೆ ತೊಟ್ಟಿ ಬಿಸಿಯಾಗುತ್ತದೆ. ಅವು ಬಂದಿವೆ ಎಂದರೆ ಹುಳುಗಳು ತಿನ್ನಲಾರದಷ್ಟು ಆಹಾರ ಬೀಳುತ್ತಿದೆ ಎಂದೇ ಅರ್ಥ, ಆದ್ದರಿಂದ ಅವುಗಳನ್ನು ಹೆಕ್ಕುವ ಶ್ರಮಕ್ಕಿಂತ ಹತ್ತು ದಿನ ಆಹಾರ ನಿಲ್ಲಿಸುವುದು ಮೇಲು. ಕಂದು ನುಸಿಗೂ ಇದೇ ಮಾತು.

ನಿಜವಾದ ವೈರಿಗಳು ಎರಡು. ಜರಿ ಹುಳುವನ್ನು ಚಿಮಟದಿಂದ ಹಿಡಿದು ತೆಗೆಯಬೇಕು. ಮಳೆಗಾಲದಲ್ಲಿ ನೆಲಕ್ಕೆ ತಾಗಿದ ಹೊಂಡಗಳಲ್ಲಿ, ತಲೆ ಬೀಸಣಿಗೆಯಂತೆ ಅಗಲವಾಗಿ, ಮೈ ಲೋಳೆಯ ಪಟ್ಟಿಯಂತಿರುವ ಚಪ್ಪಟೆ ಹುಳು ಕಂಡರೆ ಅದು ಎರೆಹುಳುಗಳನ್ನೇ ಬೇಟೆಯಾಡುವ ಜಾತಿ. ಅದನ್ನು ತುಂಡರಿಸಬಾರದು, ತುಂಡುಗಳು ಮತ್ತೆ ಬೆಳೆಯುತ್ತವೆ. ಕಡ್ಡಿಯಿಂದೆತ್ತಿ ಉಪ್ಪುನೀರಿನ ಡಬ್ಬಿಗೆ ಹಾಕಬೇಕು.

ಒಂದೇ ದಿನದಲ್ಲಿ ಎಲ್ಲವೂ ಸತ್ತಿದ್ದರೆ

ಎರೆಹುಳುವಿನ ದೇಹದಲ್ಲಿ ಹೆಚ್ಚಿನ ಪಾಲು ನೀರೇ ಆದುದರಿಂದ ಸತ್ತ ಹುಳು ಒಂದೆರಡು ದಿನದಲ್ಲಿ ಕರಗಿ ಕಾಣದಾಗುತ್ತದೆ. ಹೆಣಗಳು ಕಾಣಲಿಲ್ಲವೆಂದ ಮಾತ್ರಕ್ಕೆ ಹುಳುಗಳು ಓಡಿಹೋದವೆಂದು ತೀರ್ಮಾನಿಸಬಾರದು; ನೆಲದಲ್ಲಿ, ಗ್ರಿಲ್ಲಿನ ಸಂದಿನಲ್ಲಿ ಒಣಗಿದ ಹುಳುಗಳಿವೆಯೇ ಎಂದು ನೋಡಿದರೆ ಓಡಿದ್ದೋ ಸತ್ತದ್ದೋ ಗೊತ್ತಾಗುತ್ತದೆ. ಇನ್ನೊಂದು ಗುರುತನ್ನು ನಾನು ನನ್ನ ಅನುಭವದಿಂದ ಹೇಳುತ್ತೇನೆ. ಎರೆಹುಳುಗಳು ಮಾತ್ರ ಸತ್ತು ನುಸಿ, ಜಿಗಿಯುವ ಬಿಳಿ ಕ್ರಿಮಿ, ಬಿಳಿ ದಾರದ ಹುಳು ಎಲ್ಲ ಬದುಕಿದ್ದರೆ ದೋಷ ಹುಳಿ, ಬಿಸಿ ಅಥವಾ ನೀರಿನದು. ಆ ಸಣ್ಣ ಜೀವಿಗಳೂ ಒಟ್ಟಿಗೆ ಸ್ತಬ್ಧವಾಗಿದ್ದರೆ ವಿಷ ಬಿದ್ದಿದೆ. ಒಮ್ಮೆ ನಮ್ಮ ಸೊಸೈಟಿಯಲ್ಲಿ ಜಿರಳೆಗೆಂದು ಔಷಧ ಹೊಡೆಯಲು ಬಂದವರು ಹೇಳದೆಯೇ ಬಾಲ್ಕನಿಯ ಮೂಲೆಗೂ ಸಿಂಪಡಿಸಿ ಹೋಗಿದ್ದರು. ಮರುದಿನ ತೊಟ್ಟಿಯಲ್ಲಿ ಏನೊಂದೂ ಮಿಸುಕುತ್ತಿರಲಿಲ್ಲ. ಅಂದಿನಿಂದ ಔಷಧ ಸಿಂಪಡಿಸುವ ದಿನ, ಸೊಳ್ಳೆಗೆ ಹೊಗೆ ಬಿಡುವ ದಿನ ತೊಟ್ಟಿಯನ್ನು ಸ್ನಾನದ ಮನೆಗೆ ಒಯ್ದು ಬಾಗಿಲು ಹಾಕುತ್ತೇನೆ. ಗಣೇಶ ಚೌತಿಯ ನಿರ್ಮಾಲ್ಯದ ಹೂಗಳಲ್ಲೂ ಈ ಅಪಾಯವಿದೆ, ಮಾರುಕಟ್ಟೆಯ ಚೆಂಡುಹೂವಿಗೆ ಕೀಟನಾಶಕ ಹೊಡೆದಿರುವ ಸಂಭವ ಹೆಚ್ಚು. ಕುಂಕುಮ, ಕರ್ಪೂರ, ನೈಲಾನ್ ದಾರ ಬೆರೆತ ಹಾರಗಳನ್ನು ಪಾಲಿಕೆಯವರು ಇಟ್ಟಿರುವ ನಿರ್ಮಾಲ್ಯ ಕಲಶಕ್ಕೇ ಒಪ್ಪಿಸುವುದು ಸರಿ.

ಹುಳುಗಳಿವೆ, ಗೊಬ್ಬರವಿಲ್ಲ

ಹುಳುಗಳು ಆರೋಗ್ಯವಾಗಿದ್ದೂ ಸಿಪ್ಪೆ ಹಾಗೆಯೇ ಉಳಿಯುತ್ತಿದ್ದರೆ ಮೊದಲು ಲೆಕ್ಕ ನೋಡಿ. ಒಳ್ಳೆಯ ಸ್ಥಿತಿಯಲ್ಲಿ ಕೆಂಪು ಹುಳುಗಳು ದಿನಕ್ಕೆ ತಮ್ಮ ತೂಕದ ಅರ್ಧದಷ್ಟು ತಿನ್ನಬಲ್ಲವು, ಹೊಸ ತೊಟ್ಟಿಯಲ್ಲಿ ಅದರ ಅರ್ಧವೂ ಇಲ್ಲ. ಕಾಲು ಕಿಲೋ ಹುಳುಗಳಿಂದ ನಾಲ್ಕು ಜನರ ಮನೆಯ ಪೂರ್ತಿ ಹಸಿ ಕಸವನ್ನು ನಿರೀಕ್ಷಿಸುವುದು ತಪ್ಪು. ಲೆಕ್ಕ ಸರಿಯಿದ್ದರೆ ಜಾತಿಯನ್ನು ಅನುಮಾನಿಸಬೇಕು. ಕುಂಡದ ಅಡಿಯಲ್ಲೋ ತೋಟದ ಮಣ್ಣಲ್ಲೋ ಅಗೆದು ತಂದ ಬೂದು ಹುಳುಗಳು ಮಣ್ಣಿನಲ್ಲಿ ಆಳವಾಗಿ ಬಿಲ ಕೊರೆಯುವವು, ಕಸದ ರಾಶಿಯಲ್ಲಿ ಬಾಳುವವಲ್ಲ. ಎರೆಗೊಬ್ಬರದ ಹುಳುವೆಂದು ಹೇಳಿ ಅಂಥವನ್ನೇ ತೂಗಿ ಕೊಟ್ಟ ಮಾರಾಟಗಾರರಿಂದ ನಾನೂ ಒಮ್ಮೆ ಮೋಸಹೋಗಿದ್ದೇನೆ. ಇವೆರಡೂ ಅಲ್ಲವಾದರೆ ಸಿಪ್ಪೆಯನ್ನು ಸಣ್ಣಗೆ ಹೆಚ್ಚಿ ಹಾಕಿ. ಹುಳುವಿಗೆ ಹಲ್ಲಿಲ್ಲ, ಮೆತ್ತಗಾಗಿ ಸೂಕ್ಷ್ಮಜೀವಿಗಳು ಹತ್ತಿದ ಮೇಲೆಯೇ ಅದು ಬಾಯಿ ಹಾಕುತ್ತದೆ.

ಗೊಬ್ಬರವಾಗಿದೆ, ಆದರೆ ಹಾಕಿದ ಗಿಡ ಹಳದಿಯಾಯಿತು ಎಂಬ ದೂರಿಗೆ ಮೆಂತೆಯ ಪರೀಕ್ಷೆ ಸಾಕು. ಒಂದು ತಟ್ಟೆಯಲ್ಲಿ ಗೊಬ್ಬರ ಮತ್ತು ಮಣ್ಣನ್ನು ಸಮಪಾಲು ಬೆರೆಸಿ, ಇನ್ನೊಂದರಲ್ಲಿ ಬರೀ ಮಣ್ಣು ಹಾಕಿ, ಹತ್ತು ಹತ್ತು ಮೆಂತೆಕಾಳು ಬಿತ್ತಿ. ಐದು ದಿನದಲ್ಲಿ ಬರೀ ಮಣ್ಣಿನಲ್ಲಿ ಮೊಳೆತು ಗೊಬ್ಬರದಲ್ಲಿ ಮೊಳೆಯದಿದ್ದರೆ ಗೊಬ್ಬರ ಇನ್ನೂ ಮಾಗಿಲ್ಲ ಅಥವಾ ಅದರಲ್ಲಿ ಉಪ್ಪಿದೆ; ಇನ್ನೊಂದು ತಿಂಗಳು ನೆರಳಿನಲ್ಲಿ ಬಿಡಬೇಕು. ನಲ್ಲಿಯಿಂದ ಸೋರಿದ ಕಪ್ಪು ನೀರನ್ನು ಎರೆಜಲವೆಂದು ಕರೆದು ನೇರವಾಗಿ ಗಿಡಕ್ಕೆ ಹೊಯ್ಯುವುದು ಸರಿಯಲ್ಲ. ನಾತ ಬರುತ್ತಿದ್ದರೆ ಚರಂಡಿಗೆ, ಬಾರದಿದ್ದರೆ ಹತ್ತು ಪಾಲು ನೀರಿಗೆ ಬೆರೆಸಿ ಹೂಗಿಡಗಳ ಬುಡಕ್ಕೆ; ಹಸಿಯಾಗಿ ತಿನ್ನುವ ಸೊಪ್ಪಿಗೆ ಬೇಡ.

ಎಲ್ಲ ಹೋದ ಮೇಲೆ

ದೋಸೆ ಹಿಟ್ಟಿನ ತೊಟ್ಟಿಯನ್ನು ನಾನು ಎಸೆದುಬಿಡಬೇಕೆಂದಿದ್ದೆ. ಎಸೆಯುವ ಮೊದಲು ಹಾಸನ್ನು ಹಳೆಯ ಪತ್ರಿಕೆಯ ಮೇಲೆ ಹರಡಿ ನೋಡಿದಾಗ ಸಾಸಿವೆಗಿಂತ ತುಸು ದೊಡ್ಡದಾದ, ನಿಂಬೆಯ ಆಕಾರದ, ಜೇನಿನ ಬಣ್ಣದ ಮೊಟ್ಟೆಕೋಶಗಳು ಸಿಕ್ಕವು. ದೊಡ್ಡ ಹುಳುಗಳನ್ನು ಕೊಲ್ಲುವ ಎಷ್ಟೋ ಕೇಡುಗಳನ್ನು ಇವು ತಡೆದುಕೊಳ್ಳುತ್ತವೆ. ಇಂಥವು ಕಂಡರೆ, ಕೆಟ್ಟ ಆಹಾರವನ್ನೆಲ್ಲ ತೆಗೆದು, ಉಳಿದ ಹಾಸಿಗೆ ಅದರಷ್ಟೇ ಒದ್ದೆ ರಟ್ಟನ್ನು ಬೆರೆಸಿ, ನೆರಳಿನಲ್ಲಿಟ್ಟು, ತೇವ ಆರದಂತೆ ಮಾತ್ರ ನೋಡಿಕೊಂಡು ಮೂರು ನಾಲ್ಕು ವಾರ ಕಾಯಬೇಕು. ಈ ಅವಧಿಯಲ್ಲಿ ಒಂದು ಬಾಳೆಹಣ್ಣಿನ ಸಿಪ್ಪೆಗಿಂತ ಹೆಚ್ಚು ಏನನ್ನೂ ಕೊಡಬಾರದು.

ಆಮೇಲೆ ಆ ಸಿಪ್ಪೆಯನ್ನು ಎತ್ತಿ ಅದರ ಅಡಿಭಾಗವನ್ನು ಬೆಳಕಿಗೆ ಹಿಡಿದು ನೋಡಿ. ದಾರದಷ್ಟು ತೆಳ್ಳಗಿನ ಮರಿಗಳು ಕಂಡರೆ, ಅವು ಹುಳಿಯಲ್ಲಿ ಹುಟ್ಟುವ ಬಿಳಿ ಹುಳುಗಳೋ ಎರೆಹುಳುವಿನ ಮರಿಗಳೋ ಎಂಬ ಸಂದೇಹ ಬರುವುದು ಸಹಜ. ಅಚ್ಚ ಬಿಳಿಯಾಗಿದ್ದರೆ ಹಾಸು ಇನ್ನೂ ಹುಳಿಯಾಗಿಯೇ ಇದೆ, ಚಿಪ್ಪಿನ ಪುಡಿ ಉದುರಿಸಿ ಮತ್ತೆ ಕಾಯಬೇಕು. ಪಾರದರ್ಶಕ ಮೈಯೊಳಗೆ ಉದ್ದಕ್ಕೂ ಕೂದಲೆಳೆಯಂಥ ಕೆಂಪು ರಕ್ತನಾಳ ಕಂಡರೆ ಅವು ಎರೆಹುಳುವಿನ ಮರಿಗಳು. ಅವು ಬೆಳೆದು ಮೊಟ್ಟೆಯಿಡಲು ಇನ್ನು ಆರೆಂಟು ವಾರ ಬೇಕು, ಅಲ್ಲಿಯವರೆಗೆ ಆಹಾರವನ್ನು ವಾರಕ್ಕೊಮ್ಮೆ ಒಂದೊಂದು ಹಿಡಿಯಷ್ಟೇ ಹೆಚ್ಚಿಸುತ್ತ ಹೋಗಬೇಕು.